ನೀಲಕುರಿಂಜಿ: ಹೂವಿಲ್ಲದ ವರ್ಷಗಳಲ್ಲಿ ಆ ಗುಡ್ಡಗಳನ್ನು ಕಾಯುವವರು ಯಾರು?

ಗಿರಿಯಂಚು (ಚಿಕ್ಕಮಗಳೂರು):

2022ರ ಸೆಪ್ಟೆಂಬರ್‌ನಲ್ಲಿ ಚಂದ್ರದ್ರೋಣ ಪರ್ವತ ಸಾಲಿನಲ್ಲಿ, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಅರಳಿದಾಗ ನಮ್ಮ ಊರಿಗೆ ಜಾತ್ರೆಯೇ ನೆರೆದಿತ್ತು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿಯ ರಸ್ತೆಗಳಲ್ಲಿ ವಾಹನಗಳ ಸಾಲು. ಹೂ ಕೀಳಬೇಡಿ ಎಂದು ಅಧಿಕಾರಿಗಳು ಮನವಿ ಮಾಡಿದರು, ಪತ್ರಿಕೆಗಳು ಬರೆದವು, ಶಾಲೆಗಳಲ್ಲಿ ಮಕ್ಕಳಿಗೆ ಹೇಳಿದರು. ಅದೆಲ್ಲ ಆಗಬೇಕಾದದ್ದೇ, ನನಗೆ ಸಂತೋಷವೇ ಆಯಿತು.

ಆದರೆ ಹೂ ಬಾಡಿದ ಮೇಲೆ ಆ ಇಳಿಜಾರುಗಳ ಸುದ್ದಿ ನಿಂತುಹೋಯಿತು. ಇಲ್ಲಿ ಮುಂದಿನ ಸಾಮೂಹಿಕ ಹೂವು 2034ರ ಹೊತ್ತಿಗೆ. ಅಲ್ಲಿಯವರೆಗೆ ನೀಲಕುರಿಂಜಿ ಮೊಣಕಾಲೆತ್ತರದ, ಒರಟು ಎಲೆಯ, ಯಾರ ಕಣ್ಣಿಗೂ ಬೀಳದ ಪೊದೆ. ಹೂವಿದ್ದಾಗ ಒಂದು ಗೊಂಚಲು ಕಿತ್ತವರನ್ನು ಜನರೇ ತಡೆದು ಗದರಿಸಿದರು. ಹೂವಿಲ್ಲದಾಗ ಜೆಸಿಬಿ ಬಂದು ಗುಡ್ಡದ ಅಂಚನ್ನೇ ಕೆರೆದುಹಾಕಿದರೂ ಕೇಳುವವರಿಲ್ಲ. ಅಲ್ಲಿ ಏನು ಹೋಯಿತು ಎಂಬುದು ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಈ ಸಸ್ಯಕ್ಕೆ ದೊಡ್ಡ ಅಪಾಯ ಹೂ ಕೀಳುವ ಪ್ರವಾಸಿಗನಲ್ಲ, ಹೂವಿಲ್ಲದ ವರ್ಷಗಳ ನಮ್ಮ ಮರೆವು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಗುಡ್ಡದ ಮೇಲಿನ ಹುಲ್ಲುಗಾವಲು ತುಂಡು ತುಂಡಾಗಿ ಕರಗುತ್ತಿದೆ. ರಸ್ತೆ ಅಗಲವಾಗುತ್ತದೆ, ಅದರ ಪಕ್ಕದಲ್ಲಿ ವಾಹನ ನಿಲುಗಡೆಗೆ ಜಾಗ ಸಮತಟ್ಟಾಗುತ್ತದೆ, ಅದರ ಹಿಂದೆ ರೆಸಾರ್ಟ್ ಏಳುತ್ತದೆ. ಬೇರೆ ಬೇರೆ ಊರಿನವರು ನಿಮ್ಮ ಗುಡ್ಡಗಳ ಸ್ಥಿತಿಯನ್ನೂ ಬರೆಯಿರಿ. 2034ಕ್ಕೆ ಮೊದಲು ನಾವು ಮಾಡಬಹುದಾದದ್ದು ಏನು ಎಂದು ಗಂಭೀರವಾಗಿ ಮಾತನಾಡೋಣ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ:

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಗಿಡದ ಬದುಕಿನ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ. ಯಾವ ಕಾಲದಲ್ಲಿ ಕಾಯಬೇಕು ಎಂಬುದು ಅದರಲ್ಲೇ ಅಡಗಿದೆ.

ನೀಲಕುರಿಂಜಿಯ ಶಾಸ್ತ್ರೀಯ ಹೆಸರು ಸ್ಟ್ರೋಬಿಲಾಂತಿಸ್ ಕುಂತಿಯಾನಾ. ಅಕಾಂತೇಸಿ ಕುಟುಂಬದ್ದು, ಅಂದರೆ ಆಡುಸೋಗೆ, ಕನಕಾಂಬರಗಳ ಬಳಗ. ಸಮುದ್ರಮಟ್ಟದಿಂದ ಸುಮಾರು 1,300ರಿಂದ 2,400 ಮೀಟರ್ ಎತ್ತರದ ಹುಲ್ಲುಗಾವಲುಗಳಲ್ಲಿ, ಶೋಲಾ ಕಾಡಿನ (ಬೆಟ್ಟದ ಕಣಿವೆಗಳ ಕುಳ್ಳ ಮರಗಳ ಕಾಡು) ಅಂಚಿನಲ್ಲಿ ಬೆಳೆಯುತ್ತದೆ. ಒಂದು ಗುಡ್ಡದ ಗಿಡಗಳೆಲ್ಲ ಒಟ್ಟಿಗೆ ಹುಟ್ಟಿ, ಒಟ್ಟಿಗೆ ಬೆಳೆದು, ಹನ್ನೆರಡನೆಯ ವರ್ಷ ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ, ಒಟ್ಟಿಗೇ ಸಾಯುತ್ತವೆ. ಒಂದು ಗಿಡ ಬಾಳಿನಲ್ಲಿ ಒಮ್ಮೆ ಮಾತ್ರ ಹೂಬಿಡುತ್ತದೆ. ನೀಲಗಿರಿ, ಪಳನಿ ಬೆಟ್ಟಗಳ ಹೂವಿನ ದಾಖಲೆ 1838ರವರೆಗೂ ಹಿಂದಕ್ಕೆ ಹೋಗುತ್ತದೆ. ಮುನ್ನಾರಿನ ಕಡೆ 1994, 2006, 2018 ಹೂವಿನ ವರ್ಷಗಳಾಗಿದ್ದವು. ಚಂದ್ರದ್ರೋಣದ ಲೆಕ್ಕ ಬೇರೆ.

ಎಲ್ಲ ಗಿಡಗಳೂ ಒಟ್ಟಿಗೆ ಹೂಬಿಡುವುದಕ್ಕೆ ಒಂದು ವಿವರಣೆ ಇದು: ಬೀಜ ತಿನ್ನುವ ಕೀಟ, ಹಕ್ಕಿ, ಇಲಿಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಮ್ಮೆಲೇ ಬೀಳುತ್ತದೆ, ತಿಂದು ಉಳಿದದ್ದು ಮುಂದಿನ ಪೀಳಿಗೆಯಾಗುತ್ತದೆ. ಹೂವಿನ ಕಾಲದಲ್ಲಿ ತುಡುವೆ ಜೇನು, ಹೆಜ್ಜೇನುಗಳಿಗೆ ಸುಗ್ಗಿ.

ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿ ಮುಂದಿನದು. ಹೂ ಉದುರಿದ ಮೇಲೆ ಗಿಡ ಒಣಗುತ್ತಾ ಬರುತ್ತದೆ, ಕಾಯಿಗಳು ಬಲಿತು ಬಿಸಿಲಿಗೆ ಒಡೆದು ಬೀಜ ಸಿಡಿಯುತ್ತದೆ. ಸಿಡಿದ ಬೀಜ ದೂರ ಹೋಗುವುದಿಲ್ಲ, ತಾಯಿಗಿಡದ ಸುತ್ತಮುತ್ತಲೇ ಬೀಳುತ್ತದೆ. ಮಳೆ ಬಂದಾಗ ಮೊಳಕೆಯೊಡೆಯುತ್ತದೆ. ಆದ್ದರಿಂದ ಒಂದು ಇಳಿಜಾರು ನಾಶವಾದರೆ ಪಕ್ಕದ ಬೆಟ್ಟದಿಂದ ಬೀಜ ಹಾರಿ ಬಂದು ಅದನ್ನು ತುಂಬುತ್ತದೆ ಎಂದು ನಂಬಿಕೊಂಡು ಕೂರುವ ಹಾಗಿಲ್ಲ. ಹೂವಿನ ವರ್ಷದ ನಂತರದ ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಬಿದ್ದರಂತೂ ಹನ್ನೆರಡು ವರ್ಷಗಳ ದುಡಿಮೆ ಬೂದಿಯಾಗಬಹುದು.

ಕ್ಯಾಮೆರಾ ಹೆಗಲಿಗೆ (ಬೆಂಗಳೂರು):

2022ರಲ್ಲಿ ಬಂದವರಲ್ಲಿ ನಾನೂ ಒಬ್ಬ. ಹೂ ಕೀಳಲಿಲ್ಲ, ದಾರಿ ಬಿಟ್ಟು ಇಳಿಯಲೂ ಇಲ್ಲ. ಆದರೂ ಬರುವುದೇ ತಪ್ಪು ಎಂಬ ಧಾಟಿ ಇಂಥ ಚರ್ಚೆಗಳಲ್ಲಿ ಆಗಾಗ ಕಾಣುತ್ತದೆ. ನೋಡದ ಹೂವನ್ನು ಜನ ಉಳಿಸುತ್ತಾರೆಯೇ? ಆ ನೀಲಿಯನ್ನು ನೋಡಿದ ಮೇಲೆಯೇ ನನಗೆ ಈ ಗುಡ್ಡಗಳ ಬಗ್ಗೆ ಓದಬೇಕು ಅನಿಸಿದ್ದು.

ಇನ್ನೊಂದು ಪ್ರಶ್ನೆ. ಬೀಜ ಸಂಗ್ರಹಿಸಿ ನರ್ಸರಿಯಲ್ಲಿ ಬೆಳೆಸಿ ಬೇರೆ ಗುಡ್ಡಗಳಲ್ಲಿ, ಉದ್ಯಾನಗಳಲ್ಲಿ ನೆಟ್ಟರೆ ಆಗುವುದಿಲ್ಲವೇ?

ಸಸ್ಯಶಾಸ್ತ್ರದ ವಿದ್ಯಾರ್ಥಿನಿ:

ಬೀಜದ ವಿಷಯಕ್ಕೆ ನೇರ ಉತ್ತರ: ದಯವಿಟ್ಟು ಬೇಡ. 2022ರ ತಿದ್ದುಪಡಿಯ ನಂತರ ನೀಲಕುರಿಂಜಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿದೆ. ಕಾಡಿನಿಂದ ಕೀಳುವುದು, ಮಾರುವುದು ಅಪರಾಧ, ಮೂರು ವರ್ಷಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಪರವಾನಗಿ ಇಲ್ಲದೆ ಬೆಳೆಸುವಂತೆಯೂ ಇಲ್ಲ. ಕಾನೂನು ಹಾಗಿರಲಿ, ಬೆಂಗಳೂರಿನ ಉದ್ಯಾನದಲ್ಲಿ ಆ ಮಂಜು, ಆ ಗಾಳಿ, ಆ ಹುಲ್ಲು ಎಲ್ಲಿಂದ ತರುತ್ತೀರಿ? ಒಂದು ಗುಡ್ಡದ ಗಿಡವನ್ನು ಇನ್ನೊಂದಕ್ಕೆ ಒಯ್ದರೆ ಹೂವಿನ ವರ್ಷ ಬೇರೆ ಬೇರೆಯಾದ ಗಿಡಗಳು ಬೆರೆಯುತ್ತವೆ. ಗುಂಪು ತಪ್ಪಿ ಅರಳಿದ ಗಿಡಕ್ಕೆ ಪರಾಗಸ್ಪರ್ಶವೂ ಕಷ್ಟ, ಕಟ್ಟಿದ ಬೀಜ ಕೀಟದ ಬಾಯಿಂದ ಉಳಿಯುವುದೂ ಕಷ್ಟ.

ನೋಡಲು ಬರಬೇಡಿ ಎಂದು ನಾನಂತೂ ಹೇಳುವುದಿಲ್ಲ. ನಿಮ್ಮ ಹಾಗೆ ದಾರಿಯಲ್ಲೇ ನಡೆಯುವವರು ಎಷ್ಟು ಜನ ಬಂದರೂ ಗುಡ್ಡ ತಡೆದುಕೊಳ್ಳುತ್ತದೆ. ಅವರ ಕಾರುಗಳನ್ನು ತಡೆದುಕೊಳ್ಳುವುದೇ ಕಷ್ಟ.

ಬಾಣೆಯ ಮಗ (ಕೊಡಗು):

ಕಾರುಗಳ ಮಾತು ಬಂದದ್ದರಿಂದ ನಮ್ಮ ಕಡೆಯದ್ದನ್ನು ಹೇಳುತ್ತೇನೆ. ಮಾಂದಲಪಟ್ಟಿಯಲ್ಲಿ 2021ರ ಆಗಸ್ಟ್‌ನಲ್ಲಿ ಕುರಿಂಜಿ ಅರಳಿತ್ತು. ಅಲ್ಲಿಗೆ ಹೋಗುವ ಕೊನೆಯ ದಾರಿ ಜೀಪುಗಳದ್ದು. ಮಳೆಗಾಲದಲ್ಲಿ ಒಂದು ಜಾಡು ಕೆಸರಾದರೆ ಜೀಪು ಪಕ್ಕದ ಹುಲ್ಲಿನ ಮೇಲೆ ಹತ್ತುತ್ತದೆ, ಅದೂ ಕೆಸರಾದರೆ ಇನ್ನೊಂದು ಪಕ್ಕ. ಕೆಲವು ವರ್ಷಗಳಲ್ಲಿ ಒಂದು ದಾರಿ ಇದ್ದಲ್ಲಿ ಕೆಂಪು ಮಣ್ಣಿನ ಅಗಲವಾದ ಗಾಯ. ಮಳೆ ನೀರು ಅದರಲ್ಲೇ ಹರಿದು ಕೊರಕಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಕಂಡ ನಮಗೆ ಆ ಕೊರಕಲುಗಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜೀಪು ಓಡಿಸುವವರು ನಮ್ಮ ಊರಿನ ಹುಡುಗರೇ. ಅವರ ಅನ್ನ ಅದರಲ್ಲಿದೆ, ಅವರನ್ನು ಕಳ್ಳರಂತೆ ಕಾಣಬಾರದು. ಒಂದೇ ಜಾಡು, ಅದಕ್ಕೆ ಕಲ್ಲು ಹಾಸು, ದಿನಕ್ಕೆ ಇಷ್ಟೇ ಗಾಡಿ ಎಂದು ನಿಗದಿ ಮಾಡಿದರೆ ಅವರೇ ಕಾವಲುಗಾರರಾಗುತ್ತಾರೆ ಎಂಬ ನಂಬಿಕೆ ನನಗಿದೆ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ:

ಅಣ್ಣ, ಇಲ್ಲೊಂದು ಎಚ್ಚರಿಕೆ ಬೇಕು. ನೀಲಿ ಹೊದ್ದ ಗುಡ್ಡವೆಲ್ಲ ಸ್ಟ್ರೋಬಿಲಾಂತಿಸ್ ಕುಂತಿಯಾನಾ ಅಲ್ಲ. ಈ ಕುಲದ ಹಲವಾರು ಪ್ರಭೇದಗಳು ಪಶ್ಚಿಮ ಘಟ್ಟದಲ್ಲಿವೆ. ಸ್ಟ್ರೋಬಿಲಾಂತಿಸ್ ಸೆಸಿಲಿಸ್ ಏಳು ವರ್ಷಕ್ಕೊಮ್ಮೆ ಅರಳುವುದೆಂದು ಹೆಸರಾಗಿದೆ, ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯ ಹೂವುಗಳಲ್ಲಿ ಅದೂ ಒಂದು. ಸಹ್ಯಾದ್ರಿಯ ಉತ್ತರ ಭಾಗದ ಕಾರ್ವಿ ಎಂಟು ವರ್ಷಕ್ಕೊಮ್ಮೆ. ಮಲೆನಾಡಿನ ಕಾಡಿನ ನೆರಳಿನಲ್ಲಿ ಬೆಳೆಯುವ ಗುರ್ಗಿಯೂ ಇದೇ ಕುಲ. ಯಾವ ಗುಡ್ಡದಲ್ಲಿ ಯಾವುದು, ಯಾವ ವರ್ಷ ಅರಳಿತು ಎಂಬ ದಾಖಲೆ ಇಲ್ಲದೆ ಮುಂದಿನ ಹೂವಿನ ವರ್ಷ ಹೇಳಲಾಗುವುದಿಲ್ಲ, ಯಾವ ಬೇಸಿಗೆಯಲ್ಲಿ ಬೆಂಕಿಯಿಂದ ಕಾಯಬೇಕು ಎಂಬುದೂ ತಿಳಿಯುವುದಿಲ್ಲ. ಎಲೆ, ಕಾಂಡ, ಹೂಗೊಂಚಲು ಮೂರರ ಚಿತ್ರವೂ ಇದ್ದರೆ ಗುರುತಿಸುವುದು ಸುಲಭ. ದೂರದಿಂದ ತೆಗೆದ ಗುಡ್ಡದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ.

ಕಾಫಿತೋಟ (ಮೂಡಿಗೆರೆ):

ಎಲ್ಲರ ಮಾತೂ ಓದಿದೆ. ನನ್ನ ಮಾತು ಕಹಿ ಅನ್ನಿಸಬಹುದು.

ನಮ್ಮ ಕಡೆ ಹೂವು, ಹಕ್ಕಿ, ಕಪ್ಪೆ ಏನೇ ಸುದ್ದಿಯಾದರೂ ಮಾರನೆಯ ದಿನ ಒಂದು ಅಧಿಸೂಚನೆಯ ಭಯ ಹುಟ್ಟುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಕರಡು ಅಧಿಸೂಚನೆ ಎಷ್ಟು ಸಲ ಬಂತು? 2024ರ ಜುಲೈನಲ್ಲಿ ಬಂದದ್ದು ಆರನೆಯದು. ಅದರಲ್ಲಿ ಕರ್ನಾಟಕದ್ದೇ 20,668 ಚದರ ಕಿಲೋಮೀಟರ್. ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು, ಅಲ್ಲಿಗೆ ನಿಂತಿದೆ. ಈ ಎಳೆದಾಟದ ನಡುವೆ ಎರಡು ಎಕರೆಯವನಿಗೆ ತನ್ನ ಜಮೀನಿನ ಗತಿ ಏನು ಎಂದು ಯಾರೂ ತಿಳಿಯುವ ಹಾಗೆ ಹೇಳಲಿಲ್ಲ. ಮುಳ್ಳಯ್ಯನಗಿರಿ ಸಂರಕ್ಷಣಾ ಮೀಸಲು ಎಂಬ ಪ್ರಸ್ತಾವ ಬಂದಾಗ ಜನ ಬೀದಿಗಿಳಿದದ್ದು ಹೂವಿನ ಮೇಲಿನ ಸಿಟ್ಟಿನಿಂದಲ್ಲ, ಆ ಭಯದಿಂದ.

ಗಿರಿಯಂಚು ಅವರೇ, ಆ ಗುಡ್ಡಗಳಲ್ಲಿ ನಮ್ಮ ಹಿರಿಯರು ದನ ಮೇಯಿಸಿದ್ದಾರೆ. ಹುಲ್ಲುಗಾವಲು ಹುಲ್ಲುಗಾವಲಾಗಿ ಉಳಿದದ್ದರಲ್ಲಿ ದನಗಳಿಗೂ ಪಾಲಿದೆ. ನಿಮ್ಮ ಬರಹದಲ್ಲಿ ಆ ಜನ ಎಲ್ಲೂ ಕಾಣಲಿಲ್ಲ.

ನಿವೃತ್ತ ಮೇಷ್ಟ್ರು (ಶಿವಮೊಗ್ಗ):

ಕಾಫಿತೋಟದವರ ನೋವು ನ್ಯಾಯವಾದದ್ದು. ಈ ಹುಲ್ಲುಗಾವಲುಗಳನ್ನು ಹಾಳುಮಾಡಿದವರಲ್ಲಿ ದನ ಮೇಯಿಸುವವನ ಹೆಸರು ಕೊನೆಗೆ ಬರಬೇಕು. ಮೊದಲು ಬರಬೇಕಾದದ್ದು ಬ್ರಿಟಿಷರ ಕಾಲದಿಂದ ನಮ್ಮ ಕಡತಗಳಲ್ಲಿ ಕೂತಿರುವ ‘ಬಂಜರು’ ಎಂಬ ವರ್ಗೀಕರಣ. ಮರವಿದ್ದರೆ ಕಾಡು, ಪೈರಿದ್ದರೆ ಹೊಲ, ಎರಡೂ ಇಲ್ಲದ ನೆಲ ವ್ಯರ್ಥ. ವ್ಯರ್ಥವಾದ ನೆಲದಲ್ಲಿ ಮರ ನೆಡುವುದು ಪುಣ್ಯದ ಕೆಲಸ ಎಂದೇ ಸರ್ಕಾರವೂ ನಂಬಿತು, ಜನರೂ ನಂಬಿದರು. ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲನ್ನು ನೀಲಗಿರಿ ಮರ, ಪೈನ್, ವಾಟಲ್ ನುಂಗಿದ್ದು ಹೀಗೆ. ವಾಟಲ್ ತೊಗಟೆ ಚರ್ಮ ಹದಮಾಡುವುದಕ್ಕೆ ಬೇಕಾಗಿತ್ತು. ಆ ಬೇಡಿಕೆ ಕಡಿಮೆಯಾದರೂ ಮರ ತಾನಾಗಿ ಹರಡುತ್ತಲೇ ಇದೆ. ನಮ್ಮ ಮಲೆನಾಡಿನ ಬೋಳುಗುಡ್ಡಗಳಿಗೆ ಅಕೇಶಿಯಾ ಬಂತು.

ಗುಡ್ಡದ ತುದಿಯಲ್ಲಿ ಮರವಿಲ್ಲದಿರುವುದು ಯಾರೋ ಕಡಿದದ್ದರಿಂದಲೇ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲವೊಂದಿತ್ತು. ಗಾಳಿಗೆ ಒಡ್ಡಿದ ನೆತ್ತಿಯಲ್ಲಿ ಹುಲ್ಲು, ಮಡಿಕೆಯ ಕಣಿವೆಯಲ್ಲಿ ಕುಳ್ಳ ಮರಗಳ ಶೋಲಾ, ಎರಡೂ ಸೇರಿ ಒಂದೇ ವ್ಯವಸ್ಥೆ. ಪಳನಿ ಬೆಟ್ಟಗಳಲ್ಲಿ ನಡೆದ ಪರಾಗಕಣಗಳ ಅಧ್ಯಯನಗಳು ಅಲ್ಲಿನ ಹುಲ್ಲುಗಾವಲು ಮನುಷ್ಯನ ಬೇಸಾಯಕ್ಕಿಂತ ಬಹಳ ಹಳೆಯದೆಂದು ತೋರಿಸಿವೆ. ಇಲ್ಲಿ ಬಿದ್ದ ಮಳೆ ಹುಲ್ಲಿನ ಬುಡದಲ್ಲಿ ಇಂಗಿ ಶೋಲಾದ ತೊರೆಯಲ್ಲಿ ತಿಂಗಳುಗಟ್ಟಲೆ ಜಿನುಗುತ್ತದೆ. ಯಗಚಿ, ವೇದಾವತಿಗಳ ಮೂಲ ಬಾಬಾಬುಡನ್ ಬೆಟ್ಟಗಳೇ ಅಲ್ಲವೇ? ಬೇಲೂರಿನ ಬಯಲಿನವರಿಗೂ ಹಿರಿಯೂರಿನವರಿಗೂ ಈ ಹುಲ್ಲಿನ ಋಣವಿದೆ.

ಆದ್ದರಿಂದ ಪರಿಸರ ದಿನದಂದು ಬೋಳುಗುಡ್ಡಕ್ಕೆ ಹೋಗಿ ಗಿಡ ನೆಡುವ ಉತ್ಸಾಹಿ ಸಂಘಗಳಿಗೆ ಕೈಮುಗಿದು ಕೇಳುತ್ತೇನೆ: ಊರಿನ ರಸ್ತೆ ಬದಿಯಲ್ಲಿ ನೆಡಿ, ಶಾಲೆಯ ಅಂಗಳದಲ್ಲಿ ನೆಡಿ. ಹುಲ್ಲಿನ ನೆತ್ತಿಯನ್ನು ಹಾಗೆಯೇ ಬಿಡಿ.

ಗಿರಿಯಂಚು:

ಮೇಷ್ಟ್ರೇ, ಇದನ್ನು ಪ್ರತಿ ಜೂನ್ ತಿಂಗಳಲ್ಲೂ ಹಂಚಬೇಕು.

ಕಾಫಿತೋಟದವರೇ, ಸಂರಕ್ಷಣೆ ಎಂದರೆ ಬೇಲಿ ಹಾಕಿ ಜನರನ್ನು ಹೊರಗಟ್ಟುವುದೊಂದೇ ದಾರಿಯಲ್ಲ. ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಕಡೂರು ತಾಲ್ಲೂಕಿನ ಹೊಗರೇಕಾನ್ 2010ರಿಂದ ಪಾರಂಪರಿಕ ಜೀವವೈವಿಧ್ಯ ತಾಣ. ಸುಮಾರು 2,500 ಎಕರೆ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಗಳ ಸಾಲಿಗೆ ಹೊಂದಿಕೊಂಡ ಶೋಲಾ, ಹುಲ್ಲುಗಾವಲು ಎರಡೂ ಇರುವ ಜಾಗ. ಹೊಸನಗರದ ಅಂಬಾರಗುಡ್ಡವೂ ಇದೇ ರೀತಿ ಘೋಷಿತವಾದದ್ದು. 2002ರ ಜೀವವೈವಿಧ್ಯ ಕಾಯ್ದೆಯ 37ನೆಯ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿಯೇ ಇಂಥ ತಾಣ ಘೋಷಿಸಬೇಕು. ಜನರ ರೂಢಿಯ ಬಳಕೆಗೆ, ಅವರೇ ಒಪ್ಪಿ ಹಾಕಿಕೊಂಡ ಮಿತಿಯನ್ನು ಬಿಟ್ಟು ಬೇರೆ ನಿರ್ಬಂಧ ಇರಬಾರದು ಎಂಬುದು ಅದರ ಮಾರ್ಗಸೂಚಿಯ ಆಶಯ. ದನ ಮೇಯಿಸುವವರು ನನ್ನ ಬರಹದಲ್ಲಿ ಕಾಣಲಿಲ್ಲ ಎಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ, ಆ ಸಮಾಲೋಚನೆಯ ಸಭೆಯಲ್ಲಿ ಅವರು ಮುಂದಿನ ಸಾಲಿನಲ್ಲಿ ಕೂರಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿ, ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿ ಬಂದಿದೆ, ಇದು ಒಳ್ಳೆಯ ಹೆಜ್ಜೆ. ಆದರೆ ದಿನದ ಮಿತಿಯೊಂದರಿಂದ ಗುಡ್ಡ ಉಳಿಯುವುದಿಲ್ಲ. ನೆತ್ತಿಯ ಸುತ್ತ ಇರುವ ಕಂದಾಯ ಭೂಮಿಯಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದು ತೀರ್ಮಾನವಾಗಬೇಕು. ಕೇರಳ 2006ರಲ್ಲಿ ವಟ್ಟವಡ, ಕೊಟ್ಟಕಂಬೂರು ಭಾಗದ 32 ಚದರ ಕಿಲೋಮೀಟರನ್ನು ಕುರಿಂಜಿಮಲ ಅಭಯಾರಣ್ಯವೆಂದು ಘೋಷಿಸಿತು. ಒಳಗಿನ ಪಟ್ಟಾ ಜಮೀನುಗಳ ತಕರಾರು ಅದನ್ನು ವರ್ಷಗಟ್ಟಲೆ ಕಾಡಿತು. ಮೊದಲು ಗಡಿ ಎಳೆದು ಆಮೇಲೆ ಜನರೊಂದಿಗೆ ಮಾತನಾಡಲು ಹೊರಟರೆ ಆಗುವುದು ಅದೇ.

ಬೆಂಕಿ ಕಾವಲು:

ಬೇಸಿಗೆಯಲ್ಲಿ ಬೆಂಕಿ ಕಾಯುವ ದಿನಗೂಲಿ ಕೆಲಸ ಮಾಡಿದವನು ನಾನು. ಜನವರಿ ಮುಗಿಯುವ ಹೊತ್ತಿಗೆ ಹುಲ್ಲು ಒಣಗಿ ನಿಂತಿರುತ್ತದೆ. ಬೀಡಿ ತುಂಡು ಸಾಕು, ಅಡುಗೆ ಮಾಡಿ ಆರಿಸದೆ ಹೋದ ಒಲೆ ಸಾಕು. ಗಾಳಿಗೆ ಎದುರಾಗಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸಬೇಕು, ಆ ಕಡಿದಾದ ಜಾಗಕ್ಕೆ ನೀರಿನ ಗಾಡಿ ಬರುವುದಿಲ್ಲ. ಕುಡಿಯುವ ನೀರನ್ನೂ ನಾವೇ ಹೊತ್ತು ಹತ್ತಬೇಕು.

ಹೊಸ ಚಿಗುರಿಗೆಂದು ಹುಲ್ಲಿಗೆ ಬೆಂಕಿ ಕೊಡುವ ರೂಢಿ ಹಳೆಯದು. ಹುಲ್ಲಿನ ಬೇರು ಉಳಿದು ಮತ್ತೆ ಚಿಗುರುತ್ತದೆ. ಆದರೆ ಬೇರೆ ಬೇರೆ ವರ್ಷ ಬೇರೆ ಬೇರೆ ತುಂಡು ಸುಡುವುದಕ್ಕೂ ಇಡೀ ಇಳಿಜಾರು ವರ್ಷ ವರ್ಷವೂ ಉರಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಸುಟ್ಟ ಜಾಗದಲ್ಲಿ, ರಸ್ತೆಗೆಂದು ಅಗೆದ ಮಣ್ಣಿನಲ್ಲಿ ಮೊದಲು ಏಳುವುದು ಲಂಟಾನ, ಯುಪಟೋರಿಯಂ ಎಂಬ ಕಳೆ ಪೊದೆಗಳು. ಅವು ಬಂದ ಮೇಲೆ ಕುರಿಂಜಿಯ ಮರಿಗೆ ಬಿಸಿಲೇ ಸಿಗುವುದಿಲ್ಲ. ಬೆಂಕಿ ದಾಟದಂತೆ ಹುಲ್ಲು ತೆಗೆದು ಬಿಡುವ ಪಟ್ಟಿಯನ್ನು, ಅಂದರೆ ಬೆಂಕಿ ರೇಖೆಯನ್ನು, ಹೊತ್ತಿಗೆ ಸರಿಯಾಗಿ, ಡಿಸೆಂಬರ್‌ನೊಳಗೆ ಸವರಬೇಕು. ಕಾವಲಿಗೆ ಊರಿನವರನ್ನೇ ತೆಗೆದುಕೊಂಡು ಕೂಲಿಯನ್ನು ತಿಂಗಳಿಗೆ ಸರಿಯಾಗಿ ಕೊಡಬೇಕು. ಕೂಲಿ ಬಾಕಿ ಉಳಿದರೆ ಮರುವರ್ಷ ಅನುಭವಸ್ಥರು ಬರುವುದಿಲ್ಲ.

ಕ್ಯಾಮೆರಾ ಹೆಗಲಿಗೆ:

ಇಷ್ಟು ದಿನ ಬೆಂಕಿ ಎಂದರೆ ಮರಗಳ ಕಾಡಿನದ್ದು ಮಾತ್ರ ಎಂದುಕೊಂಡಿದ್ದೆ. ನನ್ನ ಬಳಿ 2022ರ ಚಿತ್ರಗಳು ಬಹಳ ಇವೆ, ಎಲ್ಲದರಲ್ಲೂ ಸ್ಥಳದ ಗುರುತು ದಾಖಲಾಗಿದೆ. ಅವು ಯಾವುದಾದರೂ ಉಪಯೋಗಕ್ಕೆ ಬರುತ್ತವೆಯೇ?

ಸಸ್ಯಶಾಸ್ತ್ರದ ವಿದ್ಯಾರ್ಥಿನಿ:

ಖಂಡಿತ ಬರುತ್ತವೆ. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ನೀಲಕುರಿಂಜಿಯನ್ನು ಮೊದಲ ಬಾರಿಗೆ ‘ಅಪಾಯಕ್ಕೆ ಈಡಾಗಬಲ್ಲ’ ಪ್ರಭೇದವೆಂದು ಸೇರಿಸಲಾಯಿತು. ಆ ಮೌಲ್ಯಮಾಪನದಲ್ಲಿ ಗುರುತಿಸಿದ್ದು 34 ಉಪಸಮುದಾಯಗಳನ್ನು, ಅವುಗಳಲ್ಲಿ 33 ಪಶ್ಚಿಮ ಘಟ್ಟದವು, ಒಂದು ಪೂರ್ವ ಘಟ್ಟದ ಏರ್ಕಾಡಿನ ಶೆವರಾಯ್ ಬೆಟ್ಟದ್ದು. ಜಗತ್ತಿನಲ್ಲಿ ಇರುವುದು ಇಷ್ಟೇ ತಾಣಗಳು ಎಂದರೆ ಒಂದೊಂದು ಗುಡ್ಡವೂ ಎಣಿಕೆಗೆ ಬರುತ್ತದೆ. 2022ರಲ್ಲಿ ಹೂವಿದ್ದ ಜಾಗದಲ್ಲಿ ಈಗ ಎಳೆಯ ಗಿಡಗಳಿವೆಯೇ, ಲಂಟಾನ ಇದೆಯೇ, ಕಟ್ಟಡ ಇದೆಯೇ ಎಂದು ಹೋಲಿಸಿ ನೋಡಲು ನಿಮ್ಮ ಚಿತ್ರಗಳೇ ಆಧಾರ. ಒಂದು ವಿನಂತಿ, ನಿಖರವಾದ ಸ್ಥಳವನ್ನು ಇಲ್ಲಿ ಬಹಿರಂಗವಾಗಿ ಹಾಕಬೇಡಿ.

ಕಾಫಿತೋಟ:

ಹೊಗರೇಕಾನ್ ವಿಷಯ ನನಗೆ ಗೊತ್ತಿತ್ತು, ಕಾನೂನಿನ ಒಳವಿವರ ಗೊತ್ತಿರಲಿಲ್ಲ. ಅಧಿಸೂಚನೆಗಳ ಮೇಲಿನ ನನ್ನ ಅನುಮಾನ ಹಾಗೆಯೇ ಇದೆ. ಆದರೆ ನಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲೆ ಮಾತ್ರ ಇದೆ, ಊರಿನ ಗಿಡ, ಪ್ರಾಣಿಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮ್ಮ ಗುಡ್ಡದ ಬಗ್ಗೆ ಏನಿದೆ ಎಂದು ಕೇಳುವ ಹಕ್ಕು ನನಗಿದೆ. ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ದನ ಮೇಯಿಸುವ ಹಿರಿಯರನ್ನೂ ಕರೆದುಕೊಂಡು ಹೋಗುತ್ತೇನೆ. ಯಾವ ಇಳಿಜಾರು ಹಿಂದೆ ಯಾವಾಗ ನೀಲಿಯಾಗಿತ್ತು ಎಂಬುದು ಅವರ ಬಾಯಲ್ಲಿದೆ, ಅದನ್ನು ಬರೆದುಕೊಳ್ಳಬೇಕು.

ಸಭೆಗೆ ಬರಿಗೈಯಲ್ಲಿ ಹೋದರೆ ಆಗುವುದಿಲ್ಲ. ಯಾವ ಸರ್ವೆ ನಂಬರಿನಲ್ಲಿ ಹುಲ್ಲುಗಾವಲಿದೆ, ಅದು ಅರಣ್ಯವೋ, ಗೋಮಾಳವೋ, ಬೇಸಾಯಕ್ಕೆ ಯೋಗ್ಯವಲ್ಲವೆಂದು ಸರ್ಕಾರ ವರ್ಗೀಕರಿಸಿದ ಸಿ ಮತ್ತು ಡಿ ಜಮೀನೋ ಎಂದು ಹೇಳಲು ನಕ್ಷೆ ಬೇಕು. ಯಾರಾದರೂ ಸಹಾಯ ಮಾಡಬಲ್ಲಿರಾ?

ನಿವೃತ್ತ ಮೇಷ್ಟ್ರು:

ಗುಡ್ಡದ ಮೇಲೆ ನಿಂತು ಮೊಬೈಲ್‌ನಲ್ಲಿ ಸರ್ಕಾರದ ಭೂದಾಖಲೆ ಆ್ಯಪ್ ದಿಶಾಂಕ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅದನ್ನು ಗುರುತು ಹಾಕಿಕೊಂಡು ಪಹಣಿ ತೆಗೆಸಿ, ಜಮೀನು ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಗ್ರಾಮ ನಕ್ಷೆ ಭೂದಾಖಲೆಗಳ ಇಲಾಖೆಯಲ್ಲಿ ಸಿಗುತ್ತದೆ. ಮೇಲೆ ನೆಟ್‌ವರ್ಕ್ ಸಿಗದೆ ಹೋಗಬಹುದು, ಹತ್ತುವ ಮುನ್ನವೇ ಜಾಗ ಗುರುತಿಸಿಟ್ಟುಕೊಳ್ಳಿ. ನಿಮ್ಮ ಹೋಬಳಿಯ ಹೆಸರು ಖಾಸಗಿಯಾಗಿ ಕಳುಹಿಸಿ, ನಕ್ಷೆಯ ಅರ್ಜಿಯನ್ನು ನಾನು ಬರೆದುಕೊಡುತ್ತೇನೆ.